ಹಳೆಯ ಏರ್‌ಗನ್ನುಗಳ ಬೆಲೆ ಯಾಕೆ ಹೀಗೆ ಏರುತ್ತಿದೆ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ಹಳೆಯ ಏರ್‌ಗನ್ನುಗಳ, ಅಂದರೆ ಮದ್ದಿನ ಬದಲು ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಬಂದೂಕುಗಳ ಬಗ್ಗೆ, ಅದರಲ್ಲೂ ಅವುಗಳ ಬೆಲೆಯ ಬಗ್ಗೆ ಮಾತಾಡೋಣ. ಆನ್‌ಲೈನ್‌ನಲ್ಲಿ ಸೆಕೆಂಡ್ ಹ್ಯಾಂಡ್ ಏರ್‌ಗನ್ ಹುಡುಕುತ್ತಾ ಕೂತವರಿಗೆ ಇದು ಗೊತ್ತೇ ಇರುತ್ತದೆ. ಒಂದು ಕಾಲಕ್ಕೆ ಯಾರೂ ತಿರುಗಿ ನೋಡದಿದ್ದ ಬಂದೂಕಿಗೆ ಈಗ ಹೊಸದರ ಬೆಲೆ ಕೇಳುತ್ತಾರೆ, ಕೆಲವು ಮಾಡೆಲ್‌ಗಳಿಗಂತೂ ಹೊಸದಕ್ಕಿಂತ ಜಾಸ್ತಿ. ಬೆಲೆ ಏರಿರುವುದು ನಿಜ, ಅದಕ್ಕೆ ಸರಿಯಾದ ಕಾರಣಗಳೂ ಇವೆ. ಆದರೆ ಜಾಹೀರಾತಿನಲ್ಲಿ ಕಾಣುವಷ್ಟು ಏರಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದವರೇ, ಅದರಲ್ಲೂ ಹೊಸದಾಗಿ ಈ ಹವ್ಯಾಸಕ್ಕೆ ಬರುವವರೇ, ದುಡ್ಡು ಕಳೆದುಕೊಳ್ಳುತ್ತಾರೆ. ಅದು ನೋಡಿ ಬೇಜಾರಾಗಿಯೇ ಈ ವಿಷಯ ತೆಗೆದುಕೊಂಡಿದ್ದೇನೆ.

ಮೊದಲು ನಿಜವಾದ ಕಾರಣಗಳನ್ನು ನೋಡೋಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ವೆಬ್ಲಿ ಕಂಪನಿ 1924ರಲ್ಲಿ ಏರ್ ಪಿಸ್ತೂಲು ಮಾಡಲು ಶುರುಮಾಡಿತು. ಅದೇ ಊರಿನ ಬಿಎಸ್‌ಎ 1948ರಲ್ಲಿ ಏರ್‌ಸ್ಪೋರ್ಟರ್ ರೈಫಲ್ ತಂದಿತು, 1959ರಲ್ಲಿ ಮೀಟಿಯರ್. ವೆಬ್ಲಿಯ ಬರ್ಮಿಂಗ್‌ಹ್ಯಾಮ್ ಕಾರ್ಖಾನೆ 2005ರ ಕೊನೆಗೆ ಮುಚ್ಚಿತು. ಹೆಸರು ಉಳಿಯಿತು, ತಯಾರಿಕೆ ಬೇರೆ ದೇಶಕ್ಕೆ ಹೋಯಿತು. ಅಂದರೆ ಆ ಊರಿನಲ್ಲಿ, ಆ ಯಂತ್ರಗಳಲ್ಲಿ, ದಪ್ಪ ಉಕ್ಕು ಕೊರೆದು ಮಾಡಿದ ಪಿಸ್ತೂಲು ಇನ್ನು ಮುಂದೆ ಒಂದೂ ಬರುವುದಿಲ್ಲ. ಇರುವುದು ಎಷ್ಟೋ ಅಷ್ಟೇ, ಅದರಲ್ಲೂ ಪ್ರತಿ ವರ್ಷ ಒಂದಿಷ್ಟು ತುಕ್ಕು ಹಿಡಿದು ಹಾಳಾಗುತ್ತವೆ. ಕೊಳ್ಳುವವರು ಮಾತ್ರ ಕಡಿಮೆಯಾಗುತ್ತಿಲ್ಲ. ಚಿಕ್ಕವರಿದ್ದಾಗ ಬೇಕು ಅಂತ ಆಸೆಪಟ್ಟು ಸಿಗದೇ ಹೋದದ್ದನ್ನು ಈಗ ಕೈಯಲ್ಲಿ ದುಡ್ಡಿರುವಾಗ ಕೊಳ್ಳುವವರು ಬಹಳ. ಅದರಲ್ಲಿ ತಪ್ಪೇನೂ ಇಲ್ಲ.

ಇನ್ನೊಂದು ಕಾರಣ ಸ್ಪರ್ಧೆಯ ರೈಫಲ್‌ಗಳದ್ದು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಸಾಮಾನ್ಯ ಸ್ಪ್ರಿಂಗ್ ಏರ್‌ಗನ್‌ನಲ್ಲಿ ಟ್ರಿಗರ್ ಒತ್ತಿದ ಕೂಡಲೇ ಒಳಗಿನ ಭಾರದ ಪಿಸ್ಟನ್ ಗಾಳಿಯನ್ನು ಒತ್ತುತ್ತಾ ಮುಂದಕ್ಕೆ ನುಗ್ಗುತ್ತದೆ, ಇಡೀ ಬಂದೂಕು ಮೊದಲು ಹಿಂದಕ್ಕೆ ಒದ್ದು ಆಮೇಲೆ ಮುಂದಕ್ಕೆ ಜಗ್ಗುತ್ತದೆ. ಪೆಲೆಟ್, ಅಂದರೆ ಏರ್‌ಗನ್ನಿನ ಸಣ್ಣ ಗುಂಡು, ನಳಿಗೆಯಿಂದ ಹೊರಬೀಳುವ ಮೊದಲೇ ಈ ಕುಲುಕಾಟ ಶುರುವಾಗಿರುತ್ತದೆ. ಜರ್ಮನಿಯ ಫೈನ್‌ವೆರ್ಕ್‌ಬೌ ಕಂಪನಿಯವರು ಇದಕ್ಕೆ ಒಂದು ಉಪಾಯ ಮಾಡಿದರು. ನಳಿಗೆ, ಪಿಸ್ಟನ್ ಎಲ್ಲ ಸೇರಿದ ಮೇಲಿನ ಭಾಗವನ್ನು ಸಣ್ಣ ಹಳಿಗಳ ಮೇಲೆ ಕೂರಿಸಿದರು. ಗುಂಡು ಹೊಡೆದಾಗ ಆ ಭಾಗ ಮಾತ್ರ ಹಿಂದಕ್ಕೆ ಜಾರುತ್ತದೆ, ಭುಜಕ್ಕೆ ಆನಿಸಿದ ಮರದ ಹಿಡಿ ಅಲುಗುವುದೇ ಇಲ್ಲ. 1965ರ ಮಾಡೆಲ್ 65 ಪಿಸ್ತೂಲು ಮತ್ತು ಆಮೇಲಿನ 300ಎಸ್ ರೈಫಲ್ ಹೀಗೇ ಕೆಲಸ ಮಾಡುತ್ತವೆ. ಪಕ್ಕದ ಸನ್ನೆಯನ್ನು ಒಂದು ಸಲ ಎಳೆದರೆ ಸಾಕು, ಪಂಪು ಬೇಡ, ಗಾಳಿ ತುಂಬಿದ ಸಿಲಿಂಡರ್ ಬೇಡ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ 10 ಮೀಟರ್ ಏರ್ ರೈಫಲ್ ಸೇರಿತು, 1988ರ ಸೋಲ್‌ನಲ್ಲಿ ಏರ್ ಪಿಸ್ತೂಲು. ಆಮೇಲೆ ಸ್ಪರ್ಧಿಗಳು ಒಬ್ಬೊಬ್ಬರಾಗಿ ಸ್ಪ್ರಿಂಗ್ ಬಿಟ್ಟು ಒತ್ತಿದ ಗಾಳಿಯ ಬಂದೂಕುಗಳಿಗೆ ಹೋದರು. ಕ್ಲಬ್ಬುಗಳು ಹಳೆಯ ಸ್ಪ್ರಿಂಗ್ ರೈಫಲ್‌ಗಳನ್ನು ಸಿಕ್ಕಷ್ಟಕ್ಕೆ ಮಾರಿಕೊಂಡವು. ಈಗ ಜನಕ್ಕೆ ಅವುಗಳ ಬೆಲೆ ಗೊತ್ತಾಗಿದೆ. 10 ಮೀಟರ್‌ನಲ್ಲಿ ಒಳ್ಳೆಯ 300ಎಸ್ ಇವತ್ತಿಗೂ ಒಂದೇ ತೂತಿನಲ್ಲಿ ಪೆಲೆಟ್ ಮೇಲೆ ಪೆಲೆಟ್ ಕೂರಿಸುತ್ತದೆ. ಹಾಗಿರುವಾಗ ಇದರ ಬೆಲೆ ಏರಿದ್ದು ನ್ಯಾಯವೇ ಅಂತ ನನ್ನ ಅಭಿಪ್ರಾಯ. ಮೊದಲು ಇದ್ದದ್ದೇ ತೀರಾ ಕಡಿಮೆ.

ಸಮಸ್ಯೆ ಇರುವುದು ಉಳಿದದ್ದರಲ್ಲಿ. ಮಾರಾಟದ ಪುಟ ತೆರೆದು ನೋಡಿ. ಸರಿಯಾದ ಬೆಲೆಗೆ ಹಾಕಿದ ಬಂದೂಕು ಒಂದೇ ದಿನಕ್ಕೆ ಹೋಗಿಬಿಡುತ್ತದೆ, ಜಾಹೀರಾತೂ ಮಾಯವಾಗುತ್ತದೆ. ವಿಪರೀತ ಬೆಲೆ ಹಾಕಿದ್ದು ಯಾರೂ ಕೊಳ್ಳದೆ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಹಾಗಾಗಿ ನೀವು ಯಾವಾಗ ಹೋಗಿ ನೋಡಿದರೂ ನಿಮಗೆ ಕಾಣುವುದು ಹೆಚ್ಚಾಗಿ ಮಾರಾಟವಾಗದೇ ಉಳಿದದ್ದೇ, ಅಲ್ವಾ? ಈಗ ಇನ್ನೊಬ್ಬರು ಅಜ್ಜನ ಕಾಲದ ಬಂದೂಕು ಮಾರೋಣ ಅಂತ ಬರುತ್ತಾರೆ. ಅಲ್ಲಿರುವ ಬೆಲೆಗಳನ್ನು ನೋಡಿ ಇದೇ ಮಾರುಕಟ್ಟೆ ದರ ಅಂದುಕೊಂಡು, ತಮ್ಮದು ಸ್ವಲ್ಪ ಚೆನ್ನಾಗಿದೆ ಅಂತ ಇನ್ನೂ ಸ್ವಲ್ಪ ಸೇರಿಸುತ್ತಾರೆ. ಅವರ ನಂತರ ಬಂದವರು ಇವರದ್ದನ್ನು ನೋಡುತ್ತಾರೆ. ಒಂದೂ ಮಾರಾಟವಾಗದೆ ಬೆಲೆ ಏರುವುದು ಹೀಗೆ. ಮೋಸ ಮಾಡಬೇಕು ಅಂತ ಯಾರೂ ಹೊರಟಿರಬೇಕಾಗಿಲ್ಲ.

ಜೊತೆಗೆ ಎಷ್ಟೋ ದೊಡ್ಡ ಮಾರಾಟ ತಾಣಗಳು ಏರ್‌ಗನ್ ಮಾರಲು ಬಿಡುವುದೇ ಇಲ್ಲ. ವ್ಯಾಪಾರವೆಲ್ಲ ಕೆಲವೇ ಕಡೆ ಸೇರಿಕೊಂಡಾಗ ಈ ಪ್ರತಿಧ್ವನಿ ಇನ್ನೂ ಜೋರಾಗುತ್ತದೆ. ಅದಕ್ಕೇ ಕೇಳುವ ಬೆಲೆಯನ್ನು ಪಕ್ಕಕ್ಕಿಟ್ಟು, ಹರಾಜುಗಳಲ್ಲಿ ನಿಜವಾಗಿ ಕೈಬದಲಾದ ಬೆಲೆ ನೋಡಿ. ಹರಾಜು ಮನೆಗಳು ಹಳೆಯ ಫಲಿತಾಂಶಗಳನ್ನು ಸಾಮಾನ್ಯವಾಗಿ ಹಾಗೇ ಇಟ್ಟಿರುತ್ತವೆ. ಅದರ ಮೇಲೆ ಕೊಳ್ಳುವವರ ಕಮಿಷನ್ ಬೇರೆ ಬೀಳುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಬಂದೂಕಿನ ಒಳಗೆ ಏನಿದೆ ಅನ್ನುವ ವಿಷಯ. ಫೋಟೋದಲ್ಲಿ ಕಾಣುವುದು ಹೊಳೆಯುವ ಮರ, ನೀಲಿ ಬಣ್ಣದ ಉಕ್ಕು. ಅದಕ್ಕೇ ಜನ ಬೆಲೆ ಕಟ್ಟುತ್ತಾರೆ. ಫೈನ್‌ವೆರ್ಕ್‌ಬೌ 124 ಅಂತ ಒಂದು ಚಂದದ ರೈಫಲ್ ಇದೆ, 1970ರ ದಶಕದ್ದು, ಇವತ್ತು ಅದಕ್ಕೆ ಬಹಳ ಬೇಡಿಕೆ. ಅದರ ಪಿಸ್ಟನ್ನಿಗೆ ಕಾರ್ಖಾನೆಯಲ್ಲಿ ಹಾಕಿದ ಮೂಲ ಸೀಲ್, ಅಂದರೆ ಗಾಳಿ ಸೋರದಂತೆ ತಡೆಯುವ ಬಿಲ್ಲೆ, ಒಂದು ಬಗೆಯ ಪ್ಲಾಸ್ಟಿಕ್‌ನದ್ದು. ಗುಂಡು ಹೊಡೆಯಲಿ ಬಿಡಲಿ, ಆ ಸೀಲ್ ವರ್ಷ ಕಳೆದಂತೆ ತಾನಾಗಿಯೇ ಕೊಳೆಯುತ್ತದೆ. ಬಂದೂಕು ಬಿಚ್ಚಿದರೆ ಪಿಸ್ಟನ್ ಓಡುವ ಕೊಳವೆಯೊಳಗೆ ಮೇಣದ ಹಾಗೆ ಅಂಟಂಟಾದ ಚೂರುಗಳು ಸಿಗುತ್ತವೆ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುತ್ತವೆ. ಹಾಗಾಗಿ ಡಬ್ಬದಿಂದ ತೆಗೆದೇ ಇಲ್ಲ, ಒಂದು ಗುಂಡೂ ಹೊಡೆದಿಲ್ಲ ಅಂತ ಬರೆದು ದುಪ್ಪಟ್ಟು ಬೆಲೆ ಕೇಳುವವರ ಬಂದೂಕು ಹೊಡೆಯುವ ಸ್ಥಿತಿಯಲ್ಲೇ ಇಲ್ಲದಿರಬಹುದು. ಹೊಸ ಸೀಲ್ ಸಿಗುತ್ತದೆ, ಹಾಕಿದರೆ ಮತ್ತೆ ಚೆನ್ನಾಗಿ ಹೊಡೆಯುತ್ತದೆ. ಆದರೆ ಆ ಖರ್ಚು ಬೆಲೆಯಲ್ಲಿ ಇಳಿಯಬೇಕು. ಅದಕ್ಕಿಂತ ಹಳೆಯ ಬಂದೂಕುಗಳಲ್ಲಿ ಅದೇ ಕೆಲಸಕ್ಕೆ ಚರ್ಮದ ವಾಷರ್ ಇರುತ್ತದೆ. ಒಣಗಿದ್ದರೆ ಕೆಲವು ಹನಿ ಎಣ್ಣೆ ಬಿಟ್ಟು ಒಂದು ರಾತ್ರಿ ಇಟ್ಟರೆ ಎಷ್ಟೋ ಸಲ ಮತ್ತೆ ಗಾಳಿ ಹಿಡಿಯುತ್ತದೆ.

ಡಯಾನಾ ಕಂಪನಿಯ 65, 66, 75 ಮಾಡೆಲ್‌ಗಳ ಕಥೆ ಇನ್ನೂ ಕಷ್ಟ. ಅವುಗಳಲ್ಲಿ ಎರಡು ಪಿಸ್ಟನ್ ಒಂದಕ್ಕೊಂದು ವಿರುದ್ಧವಾಗಿ ಓಡುತ್ತವೆ, ಒದೆತ ಅಲ್ಲಿಗಲ್ಲಿಗೇ ಸರಿಹೋಗುತ್ತದೆ. ಅದ್ಭುತ ಕೆಲಸ. ಆದರೆ ಬಿಚ್ಚಿ ಜೋಡಿಸುವಾಗ ಒಳಗಿನ ಹಲ್ಲುಗಳು ಸರಿಯಾಗಿ ಕೂರಬೇಕು, ಅದು ಬಲ್ಲವರು ಕಡಿಮೆ. ಸೀಲ್ ಹೋದ ಡಯಾನಾ 75ಕ್ಕೂ ರಿಪೇರಿಯಾದ 75ಕ್ಕೂ ಒಂದೇ ಬೆಲೆ ಬರೆದಿರುವುದು ಕಂಡರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಿ.

ನನಗೆ ನಿಜವಾಗಿ ನೋವು ಕೊಡುವುದು ಇನ್ನೊಂದಿದೆ. ಬಿಡಿಭಾಗಗಳ ಬೆಲೆಯೂ ಏರಿದೆ. ಮೂಲ ಗುರಿಕಣ್ಣು ಒಂದಕ್ಕೆ, ಟ್ರಿಗರ್‌ಗೆ, ಹಿಡಿಗೆ ಬೇರೆ ಬೇರೆ ಬೆಲೆ ಸಿಗುತ್ತದೆ, ಎಲ್ಲ ಕೂಡಿಸಿದರೆ ಇಡೀ ಬಂದೂಕಿಗಿಂತ ಜಾಸ್ತಿ. ಅದಕ್ಕೆ ಸರಿಯಾಗಿ ಕೆಲಸ ಮಾಡುವ ಬಂದೂಕನ್ನೇ ಬಿಚ್ಚಿ ಮಾರುವವರು ಬಂದಿದ್ದಾರೆ. ಹೀಗೆ ಒಂದೊಂದು ಬಿಚ್ಚಿದಾಗಲೂ ಉಳಿದದ್ದು ಅಪರೂಪವಾಗುತ್ತದೆ, ಬೆಲೆ ಮತ್ತೆ ಏರುತ್ತದೆ. ಮುರಿದು ಹೋದದ್ದನ್ನು ಬಿಚ್ಚಲಿ, ಅದರಿಂದ ಬೇರೆ ನಾಲ್ಕು ಬದುಕುತ್ತವೆ. ಚೆನ್ನಾಗಿರುವುದನ್ನು ಸುಮ್ನೆ ದುಡ್ಡಿಗಾಗಿ ಬಿಚ್ಚಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಕೊಳ್ಳುವವರು ಒಂದೆರಡು ಪ್ರಶ್ನೆ ಕೇಳಲೇಬೇಕು. ಸೀಲ್ ಯಾವಾಗ ಬದಲಾಯಿಸಿದ್ದು? ಕ್ರೋನೋಗ್ರಾಫ್‌ನಲ್ಲಿ ವೇಗ ಅಳೆದಿದ್ದಾರಾ, ಯಾವ ತೂಕದ ಪೆಲೆಟ್ ಹಾಕಿ? ವೇಗ ಒಂದೇ ಸಮ ಬರುತ್ತಿದ್ದರೆ ಒಳಗೆ ಎಲ್ಲ ಸರಿ ಇದೆ ಅಂತ ನಂಬಬಹುದು. ಜರ್ಮನಿಯಲ್ಲಿ ಲೈಸೆನ್ಸ್ ಇಲ್ಲದೆ ಮಾರುವ ಬಂದೂಕಿನ ಪೆಲೆಟ್ ಹೊರಬೀಳುವ ಶಕ್ತಿಗೆ 7.5 ಜೂಲ್ ಮಿತಿ, ಅವುಗಳ ಮೇಲೆ ಐದು ಮೂಲೆಯ ಚೌಕಟ್ಟಿನೊಳಗೆ ಎಫ್ ಅಕ್ಷರ ಇರುತ್ತದೆ. ಇಂಗ್ಲೆಂಡಿನಲ್ಲಿ ರೈಫಲ್‌ಗೆ 12 ಅಡಿ-ಪೌಂಡ್, ಅಂದರೆ ಸುಮಾರು 16 ಜೂಲ್. ಒಂದೇ ಮಾಡೆಲ್, ಒಂದೇ ರೂಪ, ಒಳಗಿನ ಬಲ ಮಾತ್ರ ಬೇರೆ. ಇದನ್ನು ನೋಡದೆ ಬೆಲೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ನೀವಿರುವ ಕಡೆಯ ಕಾನೂನು ಏನು ಅಂತ ದುಡ್ಡು ಕಳಿಸುವ ಮೊದಲೇ ತಿಳಿದುಕೊಳ್ಳಿ.

ಮಾರುವವರಿಗೂ ಒಂದು ಮಾತು. ಮನೆಯಲ್ಲಿ ಹಳೆಯದೊಂದು ಇದ್ದರೆ ಅದನ್ನು ಉಜ್ಜಿ ಹೊಳಪು ಮಾಡಲು ಹೋಗಬೇಡಿ, ಹೊಸ ಬಣ್ಣ ಹಾಕಿಸಬೇಡಿ. ಮೂಲ ಬಣ್ಣ ಸವೆದಿದ್ದರೂ ಅದಕ್ಕೇ ಸಂಗ್ರಹಕಾರರು ಜಾಸ್ತಿ ಕೊಡುತ್ತಾರೆ. ಸೀರಿಯಲ್ ನಂಬರಿನ ಫೋಟೋ ಹಾಕಿ, ತುಕ್ಕು ಇದ್ದರೆ ಅದರದ್ದೂ ಹಾಕಿ. ಆಮೇಲೆ ನೀವೇ ಕೊಳ್ಳುವವರಾಗಿದ್ದರೆ ಎಷ್ಟು ಕೊಡುತ್ತಿದ್ದಿರೋ ಅಷ್ಟು ಬರೆಯಿರಿ. ಬೇಗ ಮಾರಾಟವಾಗುತ್ತದೆ, ಕೊಂಡವರು ಅದನ್ನು ಹೊಡೆದು ಸಂತೋಷಪಡುತ್ತಾರೆ. ನಮಸ್ಕಾರ.