ಒಂದು ಶಾಟ್ ಹೆಸರು ಕೊಟ್ಟಿತು, ಕೆಲಸ ಸಿಕ್ಕಿದ್ದು ಯುರೋಪಿನಲ್ಲಿ: ಅಲಿ ಫರೂಖ್‌ಮನೇಶ್ ಕಥೆ

ಎಲ್ಲರಿಗೂ ನಮಸ್ಕಾರ. 2010 ಮಾರ್ಚ್ 20, ಅಮೆರಿಕದ ಒಕ್ಲಹೋಮಾ ಸಿಟಿ. ಕಾಲೇಜು ಬಾಸ್ಕೆಟ್‌ಬಾಲ್‌ನ ಎನ್‌ಸಿಎಎ ಟೂರ್ನಿಯ ಎರಡನೇ ಸುತ್ತು. ಇಲ್ಲಿ ಒಂದು ಸಲ ಸೋತರೆ ಅಷ್ಟೇ, ಮನೆಗೆ. ಒಂದು ಕಡೆ ಕಾನ್ಸಸ್, ಇಡೀ ಟೂರ್ನಿಗೇ ನಂಬರ್ ಒನ್. ಎದುರಿಗೆ ನಾರ್ದರ್ನ್ ಅಯೋವಾ, ಅಂಥ ಹೆಸರೇನೂ ಇಲ್ಲದ ತಂಡ. ಆಟ ಮುಗಿಯಲು ಸುಮಾರು 35 ಸೆಕೆಂಡ್ ಇದೆ. ನಾರ್ದರ್ನ್ ಅಯೋವಾ 63, ಕಾನ್ಸಸ್ 62. ಬಾಲು ನಾರ್ದರ್ನ್ ಅಯೋವಾ ಬಳಿ.

ಈಗ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಕಾಲೇಜು ಆಟದಲ್ಲಿ ಆಗ ಒಂದು ಸಲ ಬಾಲು ಸಿಕ್ಕರೆ 35 ಸೆಕೆಂಡ್ ಇಟ್ಟುಕೊಳ್ಳಬಹುದಿತ್ತು. ಸುಮ್ನೆ ಹಿಡಿದುಕೊಂಡು ನಿಂತರೆ ಸಾಕು, ಗಡಿಯಾರ ನಿಲ್ಲಿಸಲು ಕಾನ್ಸಸ್‌ನವರೇ ಓಡಿ ಬಂದು ಫೌಲ್ ಮಾಡಬೇಕು. ಬುದ್ಧಿವಂತರ ಆಟ ಅಂದ್ರೆ ಅದೇ.

(ದೃಶ್ಯ: ಆ ಶಾಟ್, ನಿಧಾನಗತಿಯಲ್ಲಿ)

ಇಲ್ಲಿ ನೋಡಿ. ಶೂಟಿಂಗ್ ಗಾರ್ಡ್, ಅಂದ್ರೆ ಹೆಚ್ಚಾಗಿ ದೂರದಿಂದ ಶಾಟ್ ಹಾಕುವ ಜಾಗದಲ್ಲಿ ಆಡುವ ಅಲಿ ಫರೂಖ್‌ಮನೇಶ್ ಕೈಗೆ ಬಾಲು ಬರುತ್ತದೆ. ಮೂರು ಪಾಯಿಂಟ್ ಗೆರೆಯ ಹೊರಗೆ ನಿಂತಿದ್ದಾರೆ, ಹತ್ತಿರ ಯಾರೂ ಇಲ್ಲ. ಒಂದು ಕ್ಷಣ ತಡೆಯುತ್ತಾರೆ. ನನಗೆ ಆ ತಡೆಯೇ ತುಂಬ ಇಷ್ಟ, ಯಾಕಂದ್ರೆ ಹಾಕಲಾ ಬೇಡವಾ ಅಂತ ಯೋಚಿಸೋದು ನಮಗೂ ಕಾಣುತ್ತದೆ. ಆಮೇಲೆ ಹಾಕೇಬಿಡುತ್ತಾರೆ. ಮೂರು ಪಾಯಿಂಟ್. 66-62. ಕೊನೆಗೆ 69-67ಕ್ಕೆ ಕಾನ್ಸಸ್ ಮನೆಗೆ ಹೋಯಿತು. ಎರಡು ದಿನದ ಹಿಂದೆ ಯುಎನ್‌ಎಲ್‌ವಿ ತಂಡದ ಮೇಲೂ 4.9 ಸೆಕೆಂಡ್ ಇರುವಾಗ ತುಂಬ ದೂರದಿಂದ ಹಾಕಿ ಗೆಲ್ಲಿಸಿದ್ದು ಇವರೇ. ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆಯ ಮುಖಪುಟದಲ್ಲಿ ಫೋಟೋ ಬಂತು. ಮುಂದಿನ ಸುತ್ತಿನಲ್ಲಿ ಮಿಚಿಗನ್ ಸ್ಟೇಟ್ ಎದುರು ಸೋತರು.

ಜೂನ್‌ನಲ್ಲಿ ಎನ್‌ಬಿಎ ಡ್ರಾಫ್ಟ್, ಅಂದ್ರೆ ಅಮೆರಿಕದ ದೊಡ್ಡ ವೃತ್ತಿಪರ ಲೀಗಿನ ತಂಡಗಳು ಹೊಸ ಹುಡುಗರನ್ನು ಆರಿಸಿಕೊಳ್ಳುವ ದಿನ. ಒಟ್ಟು 60 ಹುಡುಗರನ್ನು ಆರಿಸಿದರು. ಅದರಲ್ಲಿ ಅಲಿ ಇರಲಿಲ್ಲ. ಅವರ ಎತ್ತರ ಆರು ಅಡಿ. ನಮ್ಮ ಕಣ್ಣಿಗೆ ಎತ್ತರವೇ, ಆದರೆ ಎನ್‌ಬಿಎಯಲ್ಲಿ ಈ ಜಾಗದಲ್ಲಿ ಆಡುವವರು ಸಾಮಾನ್ಯವಾಗಿ ಇನ್ನೂ ನಾಲ್ಕೈದು ಇಂಚು ಜಾಸ್ತಿ ಇರುತ್ತಾರೆ.

ಹಾಗಾಗಿ ಯುರೋಪ್. ಸ್ವಿಟ್ಜರ್‌ಲ್ಯಾಂಡ್‌ನಲ್ಲಿ ಲುಗಾನೊ ಪಕ್ಕದ ಮಸಾನ್ಯೊ ಅನ್ನುವ ಪುಟ್ಟ ಊರಿನ ಕ್ಲಬ್. ಅಲ್ಲಿ ಮಾತು ಇಟಾಲಿಯನ್. ಆಸ್ಟ್ರಿಯಾ, ನೆದರ್‌ಲ್ಯಾಂಡ್ಸ್‌ನಲ್ಲೂ ಆಡಿದರು.

ಇಂಥ ಕೆಲಸ ಹೇಗಿರುತ್ತದೆ ಗೊತ್ತಾ? ಕ್ಲಬ್ ಒಂದು ಮನೆ ಕೊಡುತ್ತದೆ, ಎಷ್ಟೋ ಕಡೆ ಓಡಾಡಲು ಕಾರೂ ಕೊಡುತ್ತದೆ, ಒಂದು ಸೀಸನ್ನಿಗೆ ಒಪ್ಪಂದ. ಸೀಸನ್ ಮುಗಿದ ಮೇಲೆ ಮತ್ತೆ ಕೆಲಸ ಹುಡುಕಬೇಕು, ಮುಂದಿನ ವರ್ಷ ಯಾವ ದೇಶ ಅಂತಲೇ ಗೊತ್ತಿರೋದಿಲ್ಲ. ಎಷ್ಟೋ ಲೀಗ್‌ಗಳಲ್ಲಿ ತಂಡಕ್ಕೆ ಇಷ್ಟೇ ಜನ ಹೊರದೇಶದವರು ಅಂತ ಮಿತಿ ಇರುತ್ತದೆ. ಹೊರಗಿನಿಂದ ಕರೆಸಿದ್ದೇ ಪಾಯಿಂಟ್ ಹಾಕಲು ಅಲ್ವಾ, ನಾಲ್ಕು ಆಟ ಕೈ ಕೊಟ್ಟರೆ ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ.

ಆಟವೂ ಬೇರೆ. ಅಂತರರಾಷ್ಟ್ರೀಯ ನಿಯಮದಲ್ಲಿ 35 ಅಲ್ಲ, 24 ಸೆಕೆಂಡಿನೊಳಗೆ ಶಾಟ್ ಹಾಕಬೇಕು. ಅದೇ 2010ರಲ್ಲಿ ಬಾಸ್ಕೆಟ್‌ಬಾಲ್‌ನ ಅಂತರರಾಷ್ಟ್ರೀಯ ಸಂಸ್ಥೆ ಫಿಬಾ ತನ್ನ ದೊಡ್ಡ ಟೂರ್ನಿಗಳ ಮೂರು ಪಾಯಿಂಟ್ ಗೆರೆಯನ್ನು 6.25 ಮೀಟರ್‌ನಿಂದ 6.75ಕ್ಕೆ ಹಿಂದಕ್ಕೆ ತಳ್ಳಿತು. ಅಮೆರಿಕದ ಕಾಲೇಜು ಗೆರೆ ಆಗ ಸುಮಾರು 6.32. ವರ್ಷಗಟ್ಟಲೆ ಒಂದೇ ದೂರಕ್ಕೆ ಪಳಗಿದ ಕೈಗೆ ಇನ್ನೂ ಒಂದು ಮೊಳದಷ್ಟು ದೂರ ಅಂದ್ರೆ ಸಣ್ಣ ವಿಷಯ ಅಲ್ಲ.

ಇದನ್ನೆಲ್ಲ ‘ಎನ್‌ಬಿಎ ಸಿಗಲಿಲ್ಲ ಪಾಪ’ ಅಂತ ಹೇಳಿ ಮುಗಿಸುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಆಡಿ ಸಂಬಳ ತಗೊಂಡು ಬದುಕಿದ್ದಾರೆ, ಕಾಲೇಜಿನಲ್ಲಿ ಆಡಿದ ಬಹಳಷ್ಟು ಹುಡುಗರಿಗೆ ಅದೂ ಸಿಗೋದಿಲ್ಲ.

ಕೆಲವೇ ವರ್ಷದಲ್ಲಿ ಆಟ ನಿಲ್ಲಿಸಿ ಕೋಚಿಂಗ್‌ಗೆ ಬಂದರು. ತಾಯಿ ವಾಲಿಬಾಲ್ ಕೋಚ್, ತಂದೆ ಇರಾನ್ ತಂಡಕ್ಕೆ ವಾಲಿಬಾಲ್ ಆಡಿದವರು, ಹಾಗಾಗಿ ಮನೆಯಲ್ಲಿ ನೋಡಿ ಬೆಳೆದ ಕೆಲಸವೇ. ಎಲ್ಲವೂ ಕಾಲೇಜು ತಂಡಗಳೇ: ನೆಬ್ರಾಸ್ಕಾ, ಡ್ರೇಕ್, ಆಮೇಲೆ ಕೊಲೊರಾಡೊ ಸ್ಟೇಟ್.

(ದೃಶ್ಯ: ಸಿಯಾಟಲ್, 2025 ಮಾರ್ಚ್)

ಮತ್ತೆ ಅದೇ ಟೂರ್ನಿ, ಅದೇ ಎರಡನೇ ಸುತ್ತು. ಕೊಲೊರಾಡೊ ಸ್ಟೇಟ್ 71, ಮೇರಿಲ್ಯಾಂಡ್ 70, ಉಳಿದಿರೋದು ಕೆಲವೇ ಸೆಕೆಂಡ್. ಮೇರಿಲ್ಯಾಂಡ್‌ನ ಡೆರಿಕ್ ಕ್ವೀನ್ ಎಸೆದ ಬಾಲು ಬೋರ್ಡಿಗೆ ಬಡಿದು ಒಳಗೆ ಹೋಯಿತು, ಬಜರ್ ಆಯಿತು. 72-71. ಈ ಸಲ ಅಲಿ ಸೋತ ತಂಡದ ಬೆಂಚಿನಲ್ಲಿದ್ದರು. ಅದಾಗಿ ಕೆಲವೇ ದಿನಕ್ಕೆ ಕೊಲೊರಾಡೊ ಸ್ಟೇಟ್‌ನ ಮುಖ್ಯ ಕೋಚ್ ಮಿನ್ನೆಸೋಟ ತಂಡಕ್ಕೆ ಹೋದರು, ಅವರ ಜಾಗಕ್ಕೆ ಅಲಿಯೇ ಬಂದರು.