ಇಗರ್ಜಿಗೆ ಹೋಗುವವರಿಗೆ ಮುಂಡಗೋಡಿನ ಬೌದ್ಧ ಮಂದಿರದಲ್ಲಿ ಏನು ಕೆಲಸ?

[ದೃಶ್ಯ: ಮುಂಡಗೋಡಿನ ಟಿಬೆಟನ್ ಕಾಲೊನಿ, ಮಂದಿರದ ಮುಂಭಾಗ]

ನಮಸ್ಕಾರ. ಮುಂಡಗೋಡಿಗೆ ಹೋಗಿ ಬಂದೆ ಎಂದರೆ ಕಾರವಾರದ ನಮ್ಮ ಕ್ರೈಸ್ತ ಮನೆಗಳಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅಲ್ಲಿನ ಬೌದ್ಧ ಮಂದಿರದಲ್ಲಿ ಕುಳಿತು ಪ್ರಾರ್ಥಿಸಿದೆ ಎನ್ನಿ, ಆಗ ವಿಚಾರಣೆ ಶುರು. ‘ನನ್ನ ಹೊರತು ನಿನಗೆ ಬೇರೆ ದೇವರುಗಳು ಇರಬಾರದು’ ಎಂಬ ಆಜ್ಞೆ ಮರೆತುಹೋಯಿತೇ? ನ್ಯಾಯವಾದ ಪ್ರಶ್ನೆಯೇ.

ಕಥೋಲಿಕರ ಮಟ್ಟಿಗೆ ಇದಕ್ಕೆ ಅರ್ಧ ಉತ್ತರ 1965ರಲ್ಲೇ ಸಿಕ್ಕಿದೆ. ಕಥೋಲಿಕ ಧರ್ಮಾಧ್ಯಕ್ಷರ ಎರಡನೆಯ ವ್ಯಾಟಿಕನ್ ಮಹಾಸಭೆ ಆ ವರ್ಷ ಹೊರಡಿಸಿದ ಘೋಷಣೆ ಬೌದ್ಧಧರ್ಮವನ್ನು ಹೆಸರಿಸಿಯೇ ಮಾತನಾಡುತ್ತದೆ. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲ ಎನ್ನುತ್ತದೆ. ಉಳಿದರ್ಧ ಉತ್ತರ ಬೇಕಾದರೆ ಒಳಗೆ ಹೋಗಿಯೇ ನೋಡಬೇಕು.

[ದೃಶ್ಯ: ಬಲಿಪೀಠದ ಮೇಲಿನ ನೀರಿನ ಬಟ್ಟಲುಗಳು, ಹತ್ತಿರದಿಂದ]

ಲಾಸಾದ ಬಳಿ 1409ರಲ್ಲಿ ಗಾಂಡೆನ್, 1416ರಲ್ಲಿ ಡ್ರೆಪುಂಗ್ ವಿಹಾರಗಳು ಹುಟ್ಟಿದವು. ಟಿಬೆಟನ್ನರು ದೇಶ ಬಿಟ್ಟು ಬಂದ ಮೇಲೆ ಎರಡೂ ನಮ್ಮದೇ ಜಿಲ್ಲೆಯ ಮುಂಡಗೋಡಿನಲ್ಲಿ ಮತ್ತೆ ತಲೆಯೆತ್ತಿದವು. ಎತ್ತರದ ಚಿನ್ನದ ಬಣ್ಣದ ಮೂರ್ತಿಗಳ ಮೇಲೆ ಕಣ್ಣು ಹೋಗುವುದು ಸಹಜ. ಸ್ವಲ್ಪ ಕೆಳಗೆ ನೋಡಿ: ಸಾಲಾಗಿ ಏಳು ಬಟ್ಟಲು, ಬರೀ ನೀರು. ಬಟ್ಟಲಿಗೂ ಬಟ್ಟಲಿಗೂ ನಡುವೆ ಒಂದು ಬಾರ್ಲಿ ಕಾಳಿನಷ್ಟು ಅಂತರ. ನೀರು ತುಳುಕಬಾರದು, ಅಂಚಿಗೆ ಕಾಳಿನಷ್ಟು ಕೆಳಗೇ ನಿಲ್ಲಬೇಕು. ಬೆಳಿಗ್ಗೆ ತುಂಬುತ್ತಾರೆ, ಸಂಜೆ ಚೆಲ್ಲಿ ಒರೆಸಿ ಬೋರಲು ಹಾಕುತ್ತಾರೆ. ನೀರೇ ಏಕೆ? ಬಡವನಿಗೂ ಸಿಗುತ್ತದೆ, ಕೊಡುವಾಗ ಕೈ ಹಿಂಜರಿಯುವುದಿಲ್ಲ, ಕೊಟ್ಟ ಮೇಲೆ ‘ನಾನು ಕೊಟ್ಟೆ’ ಎಂದು ಬೀಗುವುದಕ್ಕೂ ಏನೂ ಉಳಿಯುವುದಿಲ್ಲ.

ಇಲ್ಲಿ ನನಗೆ ನೆನಪಾದದ್ದು ಮಾರ್ಕನ ಸುವಾರ್ತೆಯ ವಿಧವೆ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಆಕೆ ಹಾಕಿದ ಎರಡು ಕಾಸು ಅವಳ ಜೀವನಾಧಾರ. ಇಲ್ಲಿನ ನೀರಿಗೆ ಬೆಲೆಯೇ ಇಲ್ಲ. ಎರಡೂ ಎದುರುಬದುರು. ಆದರೂ ಎರಡೂ ಒಂದೇ ರೋಗಕ್ಕೆ ಮದ್ದು ಹುಡುಕುತ್ತಿವೆ: ದಾನದ ಹೆಸರಿನಲ್ಲಿ ತನ್ನನ್ನೇ ಮೆರೆಸಿಕೊಳ್ಳುವ ಚಟ. ಇಗರ್ಜಿಯ ಹಬ್ಬದ, ಅಂದರೆ ಫೆಸ್ತಿನ, ದೇಣಿಗೆ ಪಟ್ಟಿಯಲ್ಲಿ ತಮ್ಮ ಹೆಸರು ಎಷ್ಟನೆಯದು ಎಂದು ಎಣಿಸುವವರಿಗೆ ಆ ರೋಗದ ಪರಿಚಯವಿದೆ. ಸುವಾರ್ತೆಯನ್ನು ಎಷ್ಟೋ ಸಲ ಕೇಳಿ ಕಿವಿ ಜಡ್ಡುಗಟ್ಟಿರುತ್ತದೆ. ಪರರ ಮಂದಿರದಲ್ಲಿ ಅದು ಮತ್ತೆ ಚುರುಕಾಗಿ ಕೇಳಿಸುತ್ತದೆ.

[ದೃಶ್ಯ: ಅಂಗಳದಲ್ಲಿ ಭಿಕ್ಷುಗಳ ತರ್ಕ]

ಹಾಗೆಂದು ‘ಎಲ್ಲ ಧರ್ಮಗಳೂ ಒಂದೇ’ ಎನ್ನಲು ನಾನು ತಯಾರಿಲ್ಲ. ಅದು ಎರಡೂ ಕಡೆಯವರ ಮಾತನ್ನು ಕೇಳಿಸಿಕೊಳ್ಳದವರ ಸೋಮಾರಿ ಮಾತು. ಅಂಗಳದಲ್ಲಿ ನಿಂತ ಭಿಕ್ಷು ಚಪ್ಪಾಳೆ ತಟ್ಟಿ, ಕಾಲು ಅಪ್ಪಳಿಸಿ ಪ್ರಶ್ನೆ ಎಸೆಯುತ್ತಾನೆ. ಕುಳಿತವನು ತಡವರಿಸದೆ ಉತ್ತರಿಸಬೇಕು. ಸೃಷ್ಟಿಕರ್ತನನ್ನು ಒಪ್ಪದ ದರ್ಶನ ಇವರದು. ದೇವರೇ ಸೃಷ್ಟಿಕರ್ತ ಎನ್ನುವ ನಮ್ಮ ವಿಶ್ವಾಸಪ್ರಮಾಣದ ಮೊದಲ ಸಾಲೇ ಇಲ್ಲಿ ನಿಲ್ಲುವುದಿಲ್ಲ.

ಇದನ್ನು ಚೆನ್ನಾಗಿ ಅರಿತಿದ್ದವರು ಇಟಲಿಯ ಯೇಸುಸಭೆಯ (ಜೆಸ್ವಿಟ್) ಪಾದ್ರಿ ಇಪ್ಪೊಲಿಟೊ ದೆಸಿದೇರಿ. ನಮ್ಮ ಪಕ್ಕದ ಗೋವಾಕ್ಕೆ 1713ರಲ್ಲಿ ಬಂದಿಳಿದು, 1716ರಲ್ಲಿ ಲಾಸಾ ಮುಟ್ಟಿ, ಸೇರಾ ವಿಹಾರದಲ್ಲಿ ಭಿಕ್ಷುಗಳ ನಡುವೆ ಕುಳಿತು ಓದಿದರು. ಆ ಸೇರಾ ಕೂಡ ಈಗ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಮತ್ತೆ ತಲೆಯೆತ್ತಿದೆ. ಪುನರ್ಜನ್ಮವನ್ನೂ, ಯಾವುದಕ್ಕೂ ಸ್ವತಂತ್ರ ಅಸ್ತಿತ್ವವಿಲ್ಲ ಎನ್ನುವ ಶೂನ್ಯತೆಯನ್ನೂ ಖಂಡಿಸಿ ಟಿಬೆಟನ್ ಭಾಷೆಯಲ್ಲೇ ಗ್ರಂಥ ಬರೆದರು. ಖಂಡಿಸುವುದಕ್ಕೂ ಮೊದಲು ಅವರದೇ ಶಾಸ್ತ್ರ ಕಲಿಯಬೇಕೆಂಬ ಹಟ ನೋಡಿ! ಮತ ಬಿಡಲಿಲ್ಲ, ಗೌರವವನ್ನೂ ಬಿಡಲಿಲ್ಲ.

[ದೃಶ್ಯ: ಅರಬೈಲು ಘಟ್ಟದ ರಸ್ತೆ]

ಹೋಗುವವರಿಗೆ ಎರಡು ಮಾತು. ಚಪ್ಪಲಿ ಹೊರಗೆ ಬಿಡಿ, ಪ್ರದಕ್ಷಿಣೆ ಎಡದಿಂದ ಬಲಕ್ಕೆ. ಅಡ್ಡಬೀಳಲೇಬೇಕು ಎಂದೇನಿಲ್ಲ, ಮನಸ್ಸು ಒಪ್ಪದಿದ್ದರೆ ಒಂದು ಬದಿಗೆ ಸುಮ್ಮನೆ ಕುಳಿತುಕೊಳ್ಳಿ, ಜೇಬಿನಲ್ಲಿ ಜಪಮಾಲೆ ಇದ್ದರೆ ಇರಲಿ. ಕಾರವಾರದಿಂದ ಅಂಕೋಲಾ, ಅರಬೈಲು ಘಟ್ಟ ಹತ್ತಿ ಯಲ್ಲಾಪುರ, ಅಲ್ಲಿಂದ ಮುಂಡಗೋಡು. ಭಾನುವಾರ ಹೊರಡುವುದಾದರೆ ಇಗರ್ಜಿಯಲ್ಲಿ ಬೆಳಗಿನ ಪೂಜೆ ಮುಗಿಸಿಕೊಂಡೇ ಹೊರಡಿ, ಮನೆಯಲ್ಲಿ ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ.