ಕ್ಯಾತಸಂದ್ರ ಒಂದು

ಕೇಳುಗರಿಗೆ ನಮಸ್ಕಾರ. ಮಾತಿನ ನಡುವೆ ನಾನು ಅಲ್ಲಲ್ಲಿ ನಿಂತುಬಿಡಬಹುದು. ರೇಡಿಯೋ ಕೆಟ್ಟಿದೆ ಅಂತ ತಟ್ಟಬೇಡಿ. ನನಗೆ ಉಗ್ಗು ಇದೆ.

ನಮ್ಮೂರು ತುಮಕೂರಿಗೆ ಅಂಟಿಕೊಂಡಿರುವ ಕ್ಯಾತಸಂದ್ರ. ತಟ್ಟೆ ಇಡ್ಲಿಗೆ ಹೆಸರಾದ ಊರು. ಆದರೆ ನನಗೆ 'ಕ' ಅಕ್ಷರವೇ ಕಂಟಕ. ದಾಬಸ್‌ಪೇಟೆಯಲ್ಲಿ ಕೆಲಸ ಮುಗಿಸಿ ಬಸ್ ಹತ್ತಿದರೆ, ಕಂಡಕ್ಟರ್ ಮೆಷಿನ್ ಮೇಲೆ ಹೆಬ್ಬೆರಳಿಟ್ಟು "ಎಲ್ಲಿಗೆ?" ಅನ್ನುತ್ತಿದ್ದರು. ನಾಲಿಗೆಯ ಬುಡ ಮೇಲೆ ಹೋಗಿ ಅಂಟಿಕೊಳ್ಳುತ್ತಿತ್ತು. ಕುತ್ತಿಗೆಯ ನರ ಬಿಗಿಯುತ್ತಿತ್ತು. ಪಕ್ಕದವರು ತಿರುಗಿ ನೋಡುತ್ತಿದ್ದರು. ಸಾಕಪ್ಪಾ ಅಂತ "ತುಮಕೂರು" ಅಂದುಬಿಡುತ್ತಿದ್ದೆ. ಟಿಕೆಟ್ ತುಮಕೂರಿಗೆ, ಇಳಿಯುವುದು ಕ್ಯಾತಸಂದ್ರದಲ್ಲಿ! ಒಂದು ಅಕ್ಷರಕ್ಕೆ ಎಷ್ಟು ವರ್ಷ ದುಡ್ಡು ಜಾಸ್ತಿ ಕೊಟ್ಟೆನೋ.

ಚಿಕ್ಕವನಿದ್ದಾಗ ಅಜ್ಜಿ ನಾಲಿಗೆಗೆ ಬಜೆ ತೇಯ್ದು ಹಚ್ಚಿದಳು. ಮೇಷ್ಟ್ರು "ಧೈರ್ಯವಾಗಿ ಮಾತಾಡೋ" ಅಂದರು. ಉಗ್ಗು ಜಗ್ಗಲಿಲ್ಲ. ಅದು ಹೆದರಿಕೆಯಿಂದ ಹುಟ್ಟುವುದೇ ಅಲ್ಲ. ಮಿದುಳು ಮಾತನ್ನು ಹೊಂದಿಸುವ ರೀತಿಯಲ್ಲಿ ಒಂದು ವ್ಯತ್ಯಾಸ, ಎಷ್ಟೋ ಮನೆಗಳಲ್ಲಿ ವಂಶದಲ್ಲೇ ಬರುತ್ತದೆ. ದೊಡ್ಡವರಲ್ಲಿ ಸುಮಾರು 100ಕ್ಕೆ ಒಬ್ಬರಿಗಿದೆ. ಚಿಕ್ಕ ಮಕ್ಕಳಲ್ಲಿ ಹೆಚ್ಚಿನವರಿಗೆ ತಾನಾಗೇ ಹೋಗುತ್ತದೆ, ನನಗೆ ಉಳಿಯಿತು. ಭಜನೆಯಲ್ಲಿ ಎಲ್ಲರ ಜೊತೆ ಹಾಡುವಾಗ ಮಾತ್ರ ಎಲ್ಲಿ ಹೋಗುತ್ತದೋ!

ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿಗೆ ಹೋಗಲು ತಡಮಾಡಿದೆ. ಉಗ್ಗು ಹೋದಮೇಲೆ ಮಾತಾಡೋಣ ಅಂತ ಸುಮ್ನೆ ಕೂತಿದ್ದೆ ನೋಡಿ, ಅದೇ ನನ್ನ ದೊಡ್ಡ ತಪ್ಪು. ಕೊನೆಗೆ ಹೋದಾಗ ಅಲ್ಲಿನವರು, ಪದವನ್ನು ತಳ್ಳಬೇಡಿ, ಸ್ವಲ್ಪ ಉಸಿರು ಬಿಟ್ಟು ಮೆಲ್ಲಗೆ ಶುರುಮಾಡಿ ಅಂತ ಕಲಿಸಿದರು. ಆಮೇಲೆ ವಿಚಿತ್ರವಾದ ಹೋಂವರ್ಕ್ ಕೊಟ್ಟರು: ಅಂಗಡಿಗೆ ಹೋಗಿ ಬೇಕಂತಲೇ ಉಗ್ಗಿ ಬನ್ನಿ! ಬೇಕರಿಯಲ್ಲಿ "ಬ-ಬ-ಬನ್ ಕೊಡಿ" ಅಂದೆ. ಬೆವರು ಇಳಿಯಿತು. ಅವನು ಬನ್ ಕಟ್ಟಿಕೊಟ್ಟ, ಅಷ್ಟೇ. ಆಕಾಶವೇನೂ ಬೀಳಲಿಲ್ಲ. ನಾಲ್ಕನೇ ಅಂಗಡಿಯ ಹೊತ್ತಿಗೆ ನನಗೇ ನಗು ಬಂತು.

ಕೇಳುವವರಿಗೂ ಒಂದು ಮಾತು. ನಮ್ಮ ಪದ ನೀವು ಮುಗಿಸಬೇಡಿ. ನಾನು 'ಕ' ಅನ್ನುವಷ್ಟರಲ್ಲಿ "ಕಾಫಿನಾ?" ಅನ್ನುತ್ತಾರೆ. ನನಗೆ ಬೇಕಿದ್ದುದು ಕಷಾಯ. ಬೇಡದ ಕಾಫಿ ಎಷ್ಟು ಕುಡಿದಿದ್ದೇನೋ.

ಆಮೇಲೊಂದು ಸಂಜೆ ಅದೇ ಬಸ್ಸು, ಅದೇ ಹೆಬ್ಬೆರಳು. "ಸಾರ್, ನನಗೆ ಉಗ್ಗಿದೆ, ಒಂದ್ನಿಮಿಷ" ಅಂದೆ. ಉಸಿರು ಬಿಟ್ಟೆ. "ಕ್... ಕ್... ಕ್ಯಾತಸಂದ್ರ ಒಂದು."

ಕಂಡಕ್ಟರ್ ಟಿಕೆಟ್ ಹರಿದರು. ನನ್ನ ನೋಟು ನೋಡಿ ಮುಖ ಸಿಂಡರಿಸಿ, "ಚಿಲ್ಲರೆ ಕೊಡಿ ಯಜಮಾನ್ರೇ" ಅಂದರು.